ಗಾಳಿಯ ಗುಣಮಟ್ಟ: ಜಗತ್ತಿನ ಮಾರ್ಗಸೂಚಿಯೂ ದೇಶದ ಮಾನದಂಡವೂ

ವಾಯುಮಾಲಿನ್ಯದ ಪಾಠ ನಡೆಯುವಾಗ ಈಚೆಗೆ ಮಕ್ಕಳು ಮನೆಯ ಮೊಬೈಲಿನಲ್ಲಿ ಕಂಡ ಅಂಕಿಯೊಂದನ್ನು ಹೇಳಿ, ‘ಇದು ಒಳ್ಳೆಯದೋ ಕೆಟ್ಟದ್ದೋ?’ ಎಂದು ಕೇಳುವುದುಂಟು. ಪ್ರಶ್ನೆ ಸರಳವಾಗಿ ಕಂಡರೂ ಉತ್ತರ ಸರಳವಲ್ಲ. ಒಂದು ಊರಿನ ಗಾಳಿಯಲ್ಲಿ, ಇಡೀ ದಿನದ ಸರಾಸರಿಯಂತೆ, ಘನ ಮೀಟರಿಗೆ 50 ಮೈಕ್ರೋಗ್ರಾಂ ಪಿಎಂ 2.5 ಕಣಗಳಿವೆ ಎಂದು ಭಾವಿಸೋಣ. ಭಾರತದ ರಾಷ್ಟ್ರೀಯ ಮಾನದಂಡದಲ್ಲಿ ದಿನದ ಮಿತಿ 60. ಆದ್ದರಿಂದ ಅಂದಿನ ಗಾಳಿ ಮಿತಿಯೊಳಗಿದೆ; ನಮ್ಮ ವಾಯು ಗುಣಮಟ್ಟ ಸೂಚ್ಯಂಕ ಅದನ್ನು ‘ಸಮಾಧಾನಕರ’ ಎಂದು ಕರೆಯುತ್ತದೆ. ಅಮೆರಿಕದ ಸೂಚ್ಯಂಕವನ್ನು ಬಳಸುವ ಮೊಬೈಲ್ ಆ್ಯಪ್ ಅದೇ ಗಾಳಿಯನ್ನು ‘ಸೂಕ್ಷ್ಮ ಆರೋಗ್ಯದವರಿಗೆ ಹಾನಿಕರ’ ಎಂದು ಕಿತ್ತಳೆ ಬಣ್ಣದಲ್ಲಿ ತೋರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ ದಿನದ ಮಟ್ಟ 15ನ್ನು ಮೀರಬಾರದು. ಅಂದರೆ ಗಾಳಿ ಅದರ ಮೂರು ಪಟ್ಟಿಗಿಂತಲೂ ಹೆಚ್ಚು ಕೆಟ್ಟಿದೆ.

ಗಾಳಿ ಒಂದೇ, ಅಳತೆಯೂ ಒಂದೇ. ತೀರ್ಪು ಮಾತ್ರ ಮೂರು ಬಗೆ. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಒಂದೊಂದು ಅಂಕಿಯೂ ಒಂದೊಂದು ಪ್ರಶ್ನೆಗೆ ಉತ್ತರವಾಗಿ ಹುಟ್ಟಿದೆ. ಯಾವ ಅಂಕಿ ಯಾವ ಪ್ರಶ್ನೆಯ ಉತ್ತರ ಎಂಬುದು ಶಿಕ್ಷಕರಿಗೆ ತಿಳಿದಿದ್ದರೆ ಮಗುವಿನ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಬಹುದು.

ಎರಡು ಪದಗಳ ಗೊಂದಲ

ಮೊದಲ ತೊಡಕು ಭಾಷೆಯದು. ಇಲಾಖೆಯಿಂದ ಶಾಲೆಗೆ ಬರುವ ‘ಮಾರ್ಗಸೂಚಿ’ ವ್ಯವಹಾರದಲ್ಲಿ ಆದೇಶವೇ ಆಗಿರುತ್ತದೆ. ಅದನ್ನು ಪಾಲಿಸದ ಮುಖ್ಯೋಪಾಧ್ಯಾಯರು ಕಾರಣ ಕೇಳುವ ನೋಟಿಸಿಗೆ ಉತ್ತರ ಕೊಡಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹಾಗಲ್ಲ. ಅದು ದಾರಿ ತೋರುತ್ತದೆ, ನಡೆಯಲೇಬೇಕೆಂದು ಕಟ್ಟುಮಾಡುವುದಿಲ್ಲ. ಅದನ್ನು ಮೀರಿದ ದೇಶಕ್ಕೆ ದಂಡವಿಲ್ಲ, ಅದರ ಮೇಲೆ ದಾವೆ ಹೂಡುವ ನ್ಯಾಯಾಲಯವೂ ಇಲ್ಲ. ‘ಮಾನದಂಡ’ ಎಂಬುದು ದೇಶವೊಂದು ತನ್ನ ಕಾನೂನಿನ ಬಲದಿಂದ ಹೊರಡಿಸುವ ಅಂಕಿ. ಮಾರ್ಗಸೂಚಿ ಕೇಳುವುದು, ‘ಎಷ್ಟು ಮಾಲಿನ್ಯದಿಂದ ಮನುಷ್ಯನಿಗೆ ಹಾನಿ ಆರಂಭವಾಗುತ್ತದೆ?’ ಎಂದು. ಮಾನದಂಡ ಕೇಳುವುದು, ‘ನಮ್ಮ ದೇಶ ಈಗ ಎಷ್ಟನ್ನು ಮಿತಿಯೆಂದು ಒಪ್ಪಿಕೊಳ್ಳುತ್ತದೆ?’ ಎಂದು. ಮೊದಲನೆಯದು ವೈದ್ಯಶಾಸ್ತ್ರದ ಪ್ರಶ್ನೆ. ಎರಡನೆಯದರಲ್ಲಿ ವೈದ್ಯಶಾಸ್ತ್ರದ ಜೊತೆಗೆ ಹಣ, ತಂತ್ರಜ್ಞಾನ, ಉದ್ಯೋಗ ಮತ್ತು ರಾಜಕೀಯದ ಲೆಕ್ಕವೂ ಸೇರಿರುತ್ತದೆ.

ಗಡಿನಾಡಿನ ಶಾಲೆಗಳಲ್ಲಿ ಈ ಗೊಂದಲಕ್ಕೆ ಇನ್ನೊಂದು ಪದರವಿದೆ. ಮಾಲಿನ್ಯದ ಪ್ರಕಟಣೆಗಳು ಆಯಾ ರಾಜ್ಯದ ಭಾಷೆಯಲ್ಲೋ ಇಂಗ್ಲಿಷಿನಲ್ಲೋ ಬರುತ್ತವೆ. ಆದೋನಿ, ರಾಯದುರ್ಗದ ಕಡೆ ಮಕ್ಕಳು ತೆಲುಗಿನಲ್ಲಿ ‘ಪ್ರಮಾಣಾಲು’ ಎಂದು ಓದುತ್ತಾರೆ. ಅಲ್ಲಿ ಅದರ ಅರ್ಥ ಮಾನದಂಡ. ಕನ್ನಡದಲ್ಲಿ ‘ಪ್ರಮಾಣ’ ಎಂದರೆ ಮೊತ್ತ. ‘ಗಾಳಿಯಲ್ಲಿ ಕಣಗಳ ಪ್ರಮಾಣ’ ಎಂದಾಗ ಮಗು ಅದನ್ನು ಮಿತಿಯೆಂದು ತಿಳಿದರೆ ತಪ್ಪು ಮಗುವಿನದಲ್ಲ. ಸೊಲ್ಲಾಪುರ, ಅಕ್ಕಲಕೋಟೆಯ ಮಕ್ಕಳು ಮರಾಠಿಯ ‘ಮಾನಕ’ವನ್ನೂ ಕಾಸರಗೋಡಿನವರು ಮಲಯಾಳದ ‘ಮಾನದಂಡಂ’ ಎಂಬುದನ್ನೂ ಬಲ್ಲರು. ಪಾಠ ಆರಂಭಿಸುವ ಮೊದಲು ಮೊತ್ತ, ಮಾರ್ಗಸೂಚಿ, ಮಾನದಂಡ ಈ ಮೂರನ್ನು ಕಪ್ಪುಹಲಗೆಯ ಮೇಲೆ ಬರೆದು ಬಿಡಿಸಿ ಹೇಳುವುದು ಒಳ್ಳೆಯದು.

ಮಾರ್ಗಸೂಚಿಯ ಅಂಕಿ ಬರುವ ಬಗೆ

ಪಿಎಂ 2.5 ಎಂದರೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆ ವ್ಯಾಸದ ಕಣಗಳು. ತಲೆಗೂದಲಿನ ದಪ್ಪ ಸಾಮಾನ್ಯವಾಗಿ 50ರಿಂದ 70 ಮೈಕ್ರಾನ್. ಇಷ್ಟು ಸಣ್ಣ ಕಣಗಳನ್ನು ಮೂಗು ಗಂಟಲುಗಳು ತಡೆಯಲಾರವು; ಅವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ, ತೀರ ಸಣ್ಣವು ರಕ್ತಕ್ಕೂ ಸೇರುತ್ತವೆ. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದ ಒಂದು ಭಾಗ. ಇದನ್ನು ಮಕ್ಕಳಿಗೆ ಕಾಣಿಸುವಂತೆ ಹೇಳಲು ತರಗತಿಯ ಕೋಣೆಯನ್ನೇ ಬಳಸಬಹುದು. ಆರು ಮೀಟರ್ ಉದ್ದ, ಐದು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಕೋಣೆಯಲ್ಲಿ 90 ಘನ ಮೀಟರ್ ಗಾಳಿ ಹಿಡಿಸುತ್ತದೆ. ಅದರಲ್ಲಿ ಭಾರತದ ದಿನದ ಮಿತಿಯಷ್ಟೇ, ಅಂದರೆ 60 ಮೈಕ್ರೋಗ್ರಾಂನಂತೆ ಕಣಗಳಿದ್ದರೆ ಒಟ್ಟು 5400 ಮೈಕ್ರೋಗ್ರಾಂ, ಎಂದರೆ 5.4 ಮಿಲಿಗ್ರಾಂ. ಒಂದು ಅಕ್ಕಿಕಾಳು ಸುಮಾರು 20 ಮಿಲಿಗ್ರಾಂ ತೂಗುತ್ತದೆ. ಕಾಳಿನ ಕಾಲುಭಾಗದಷ್ಟು ದೂಳು ಇಡೀ ಕೋಣೆಯಲ್ಲಿ ಹರಡಿದೆ ಎಂದಾಯಿತು. ‘ಇಷ್ಟೇನಾ?’ ಎಂದು ಮಕ್ಕಳು ನಗುವುದು ಸಹಜ. ಆದರೆ ಮನುಷ್ಯ ದಿನಕ್ಕೆ ಸುಮಾರು ಹತ್ತು ಸಾವಿರ ಲೀಟರ್ ಗಾಳಿಯನ್ನು ಉಸಿರಾಡುತ್ತಾನೆ, ಅದೂ ಒಂದು ದಿನವೂ ತಪ್ಪದೆ. ಮಕ್ಕಳು ತಮ್ಮ ಮೈತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತಾರೆ.

ಇಂತಹ ಅಲ್ಪ ಮೊತ್ತವೂ ಜೀವಕ್ಕೆ ಮುಳುವು ಎಂಬುದು ಜಗತ್ತಿಗೆ ಸ್ಪಷ್ಟವಾಗಿ ಮನದಟ್ಟಾದದ್ದು 1993ರಲ್ಲಿ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಆರು ಊರುಗಳ ಎಂಟು ಸಾವಿರಕ್ಕೂ ಹೆಚ್ಚು ವಯಸ್ಕರ ಬದುಕನ್ನು ಹದಿನಾಲ್ಕರಿಂದ ಹದಿನಾರು ವರ್ಷ ಗಮನಿಸಿದರು. ಧೂಮಪಾನ, ಉದ್ಯೋಗ, ಮೈತೂಕ ಮೊದಲಾದ ಕಾರಣಗಳನ್ನು ಲೆಕ್ಕದಿಂದ ಬೇರ್ಪಡಿಸಿದ ಮೇಲೂ, ಅತಿ ಹೆಚ್ಚು ಮಲಿನವಾದ ಊರಿನಲ್ಲಿ ಸಾವಿನ ದರ ಅತಿ ಸ್ವಚ್ಛವಾದ ಊರಿಗಿಂತ ಶೇಕಡ 26ರಷ್ಟು ಹೆಚ್ಚಾಗಿತ್ತು. ಇದರ ಬೆನ್ನಿಗೇ ಹಲವು ದೇಶಗಳಲ್ಲಿ ಇಂತಹ ಅಧ್ಯಯನಗಳು ನಡೆದವು. ಹೆಚ್ಚು ಹೆಚ್ಚು ಸ್ವಚ್ಛವಾದ ಊರುಗಳನ್ನು ಸೇರಿಸಿಕೊಂಡು ನೋಡಿದರೂ ‘ಇದರ ಕೆಳಗೆ ಹಾನಿಯಿಲ್ಲ’ ಎನ್ನಬಹುದಾದ ಗೆರೆ ಪಿಎಂ 2.5ರ ಮಟ್ಟಿಗೆ ಸಿಗಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಗಾಳಿಯ ಮಾರ್ಗಸೂಚಿಯನ್ನು ಮೊದಲು ಪ್ರಕಟಿಸಿದ್ದು 1987ರಲ್ಲಿ, ಯುರೋಪಿಗಾಗಿ. ಎರಡನೆಯ ಆವೃತ್ತಿ 2000ದಲ್ಲಿ ಬಂತು. ಇಡೀ ಜಗತ್ತಿಗೆ ಅನ್ವಯಿಸುವಂತೆ ಪರಿಷ್ಕರಿಸಿದ್ದು 2005ರಲ್ಲಿ. ಆಗ ಪಿಎಂ 2.5ರ ವಾರ್ಷಿಕ ಸರಾಸರಿಗೆ 10 ಎಂದು ಹೇಳಲಾಯಿತು. 2021ರ ಸೆಪ್ಟೆಂಬರಿನಲ್ಲಿ ಅದು 5ಕ್ಕೆ ಇಳಿಯಿತು. ನೈಟ್ರೋಜನ್ ಡೈಆಕ್ಸೈಡಿನ ವಾರ್ಷಿಕ ಮಟ್ಟ 40ರಿಂದ 10ಕ್ಕೆ ಇಳಿಯಿತು. ಸಲ್ಫರ್ ಡೈಆಕ್ಸೈಡಿನ ದಿನದ ಮಟ್ಟ ಮಾತ್ರ 20ರಿಂದ 40ಕ್ಕೆ ಏರಿತು. ಹೊಸ ಪುರಾವೆ ಹಳೆಯ ಅಂಕಿಯನ್ನು ಸಮರ್ಥಿಸದಿದ್ದರೆ ಅದನ್ನು ಸಡಿಲಿಸಲೂ ಬೇಕು ಎಂಬ ನಿಲುವು ಇದರ ಹಿಂದಿದೆ. ಮಾರ್ಗಸೂಚಿ ವರ್ಷ ವರ್ಷಕ್ಕೂ ಬಿಗಿಯಾಗುತ್ತಲೇ ಹೋಗುವ ಹಟವಲ್ಲ ಎಂಬುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಅತಿ ಮಲಿನ ಊರುಗಳು ಒಂದೇ ನೆಗೆತಕ್ಕೆ 5ನ್ನು ಮುಟ್ಟಲಾರವು ಎಂಬುದು ಸಂಸ್ಥೆಗೂ ಗೊತ್ತು. ಆದ್ದರಿಂದ 2005ರಿಂದ ಮಾರ್ಗಸೂಚಿಯ ಜೊತೆಗೆ ‘ಮಧ್ಯಂತರ ಗುರಿ’ಗಳನ್ನೂ ಕೊಟ್ಟಿದೆ. ಪಿಎಂ 2.5ರ ವಾರ್ಷಿಕ ಸರಾಸರಿಗೆ ಅವು ಕ್ರಮವಾಗಿ 35, 25, 15, ಮತ್ತು 2021ರಲ್ಲಿ ಸೇರಿದ 10. ಬಾವಿಯ ಮೆಟ್ಟಿಲುಗಳಂತೆ ಇವನ್ನು ಕಲ್ಪಿಸಿಕೊಳ್ಳಬಹುದು: ನೀರು 5ರಲ್ಲಿದೆ, ಮೇಲಿನ ಮೊದಲ ಮೆಟ್ಟಿಲು 35ರಲ್ಲಿದೆ.

ಭಾರತದ ಕಾನೂನಿಗೆ ಬಂದ ದಾರಿ

ನಮ್ಮ ದೇಶದ ವಾಯು ಕಾನೂನಿನ ಮೂಲವೇ ಅಂತರರಾಷ್ಟ್ರೀಯವಾದದ್ದು. 1972ರ ಜೂನ್‌ನಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆಯ ಮಾನವ ಪರಿಸರ ಸಮ್ಮೇಳನ ನಡೆಯಿತು. ಪ್ರಧಾನಿ ಇಂದಿರಾ ಗಾಂಧಿ ಅಲ್ಲಿ ಭಾಷಣ ಮಾಡಿದರು. ಅಂತರರಾಷ್ಟ್ರೀಯ ಸಮ್ಮೇಳನಗಳ ನಿರ್ಣಯವನ್ನು ಜಾರಿಗೆ ತರಲು ಇಡೀ ದೇಶಕ್ಕೆ ಕಾನೂನು ಮಾಡುವ ಅಧಿಕಾರವನ್ನು ಸಂವಿಧಾನದ 253ನೆಯ ಅನುಚ್ಛೇದ ಸಂಸತ್ತಿಗೆ ಕೊಟ್ಟಿದೆ. ಆ ಬಲದಿಂದಲೇ 1981ರ ವಾಯು (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಅಧಿನಿಯಮ ಬಂತು; ಅದರ ಪೀಠಿಕೆಯಲ್ಲಿ ಸ್ಟಾಕ್‌ಹೋಮ್ ಸಮ್ಮೇಳನದ ಹೆಸರಿದೆ. ಗಾಳಿಯ ಮಾನದಂಡವನ್ನು ಗೊತ್ತುಪಡಿಸುವ ಹೊಣೆಯನ್ನು ಅಧಿನಿಯಮವು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಗೆ ವಹಿಸಿದೆ. ಹೀಗಾಗಿ ತಾಳವಾಡಿಯ ಶಾಲೆಗೂ ಜತ್ತಿನ ಶಾಲೆಗೂ ಮಡಕಶಿರದ ಶಾಲೆಗೂ ಒಂದೇ ಮಾನದಂಡ ಅನ್ವಯಿಸುತ್ತದೆ. ರಾಜ್ಯ ಬದಲಾದರೆ ಪಠ್ಯಪುಸ್ತಕ ಬದಲಾದೀತು, ಗಾಳಿಯ ಮಿತಿ ಬದಲಾಗದು.

ಮೊದಲ ಮಾನದಂಡ 1982ರಲ್ಲಿ ಬಂತು, ಪರಿಷ್ಕರಣೆ 1994ರಲ್ಲಿ ಆಯಿತು. ಕೈಗಾರಿಕಾ ವಲಯಕ್ಕೊಂದು, ವಸತಿ ವಲಯಕ್ಕೊಂದು, ಸೂಕ್ಷ್ಮ ವಲಯಕ್ಕೊಂದು ಎಂದು ಆಗ ಮಿತಿಗಳು ಬೇರೆಯಾಗಿದ್ದವು. ಕೈಗಾರಿಕಾ ವಲಯದಲ್ಲಿ ಪಿಎಂ 10ರ ವಾರ್ಷಿಕ ಮಿತಿ 120, ವಸತಿ ವಲಯದಲ್ಲಿ 60. ಕಾರ್ಖಾನೆಯ ಪಕ್ಕದಲ್ಲಿ ವಾಸಿಸುವ ಕೂಲಿಕಾರನ ಶ್ವಾಸಕೋಶ ಬೇರೆ ಬಗೆಯದ್ದೆಂಬಂತೆ ಇದ್ದ ಈ ವ್ಯವಸ್ಥೆಯನ್ನು 2009ರ ನವೆಂಬರ್ 18ರ ಅಧಿಸೂಚನೆ ತೆಗೆದುಹಾಕಿತು. ಕೈಗಾರಿಕೆಗೂ ವಸತಿಗೂ ಒಂದೇ ಮಿತಿಯಾಯಿತು. ಇಂದಿಗೂ ಆಧಾರವಾಗಿರುವುದು ಆ ಅಧಿಸೂಚನೆಯೇ. ಅದರಲ್ಲಿ ಹನ್ನೆರಡು ಮಾಲಿನ್ಯಕಾರಕಗಳಿವೆ, ಪಿಎಂ 2.5 ಮೊದಲ ಬಾರಿಗೆ ಪಟ್ಟಿಗೆ ಬಂದದ್ದೂ ಆಗಲೇ.

ಈ ಪಟ್ಟಿಯನ್ನು ಹೊರಗಿನ ಅಂಕಿಗಳೊಡನೆ ಹೋಲಿಸಿದರೆ ಪ್ರಭಾವ ಎಲ್ಲಿ ತಾಗಿದೆ, ಎಲ್ಲಿ ತಾಗಿಲ್ಲ ಎಂಬುದು ಕಾಣುತ್ತದೆ. ನೈಟ್ರೋಜನ್ ಡೈಆಕ್ಸೈಡಿನ ವಾರ್ಷಿಕ ಮಿತಿ 40. ಅಂದಿನ ಮಾರ್ಗಸೂಚಿಯ ಅಂಕಿಯೂ 40. ಓಝೋನಿನ ಎಂಟು ಗಂಟೆಗಳ ಮಿತಿ 100, ಮಾರ್ಗಸೂಚಿಯದೂ 100. ಬೆಂಜೀನ್ 5 ಮೈಕ್ರೋಗ್ರಾಂ, ಆರ್ಸೆನಿಕ್ 6 ನ್ಯಾನೋಗ್ರಾಂ, ನಿಕ್ಕಲ್ 20 ನ್ಯಾನೋಗ್ರಾಂ. ಇವು ಐರೋಪ್ಯ ಒಕ್ಕೂಟದ ಅಂಕಿಗಳಿಗೆ ಸರಿಸಮ. ಆದರೆ ಹೆಚ್ಚು ಜನರ ಆಯುಷ್ಯವನ್ನು ತಿನ್ನುವ ಕಣಗಳ ವಿಷಯಕ್ಕೆ ಬಂದಾಗ ಭಾರತ ತನ್ನದೇ ಅಂಕಿಯನ್ನು ಇಟ್ಟುಕೊಂಡಿತು. ಪಿಎಂ 10ಕ್ಕೆ ವಾರ್ಷಿಕ 60, ಪಿಎಂ 2.5ಕ್ಕೆ ವಾರ್ಷಿಕ 40. ಈ 40 ಎಂಬುದು ಬಾವಿಯ ಅತಿ ಮೇಲಿನ ಮೆಟ್ಟಿಲಾದ 35ಕ್ಕಿಂತಲೂ ಮೇಲಿದೆ. ನ್ಯಾಯವಾಗಿ ಹೇಳುವುದಾದರೆ ದಿನದ ಮಿತಿಯ ಕಥೆ ಬೇರೆ: ಭಾರತದ 60, ಮೊದಲ ಮಧ್ಯಂತರ ಗುರಿಯಾದ 75ಕ್ಕಿಂತ ಬಿಗಿಯಾಗಿದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. 2009ರಲ್ಲಿ ನೈಟ್ರೋಜನ್ ಡೈಆಕ್ಸೈಡಿನ ಮಾನದಂಡ ಮಾರ್ಗಸೂಚಿಗೆ ಸಮನಾಗಿತ್ತು. 2021ರಲ್ಲಿ ಅದೇ ಮಾನದಂಡ ಮಾರ್ಗಸೂಚಿಯ ನಾಲ್ಕು ಪಟ್ಟಾಯಿತು. ಮಾನದಂಡ ಒಂದಿಷ್ಟೂ ಅಲುಗಲಿಲ್ಲ. ವಿಜ್ಞಾನ ಮುಂದೆ ನಡೆಯಿತು.

ಅಂತರಕ್ಕೆ ಕಾರಣಗಳು

ಮಾರ್ಗಸೂಚಿ ಕೇವಲ ಸಲಹೆ, ಪ್ರತಿ ದೇಶವೂ ತನ್ನ ಭೂಗೋಳ, ಹವಾಮಾನ, ಹಿನ್ನೆಲೆಯ ದೂಳು, ಸಾಮಾಜಿಕ-ಆರ್ಥಿಕ ಸ್ಥಿತಿಗಳನ್ನು ನೋಡಿ ಮಾನದಂಡ ರೂಪಿಸಬೇಕು ಎಂಬುದು ಕೇಂದ್ರ ಸರ್ಕಾರ ಸಂಸತ್ತಿನಲ್ಲಿ ಕೊಡುತ್ತ ಬಂದಿರುವ ಉತ್ತರ. ಇದನ್ನು ನೆಪವೆಂದು ತಳ್ಳಿಹಾಕುವುದು ಸರಿಯಲ್ಲ. ಥಾರ್ ಮರುಭೂಮಿಯ ದೂಳು ಬೇಸಗೆಯಲ್ಲಿ ಉತ್ತರ ಭಾರತದ ಮೇಲೆ ಹರಡುವುದು ನಿಜ. ಅದನ್ನು ಯಾವ ಅಧಿಸೂಚನೆಯೂ ನಿಲ್ಲಿಸದು. ಮಾರ್ಗಸೂಚಿಗೆ ಆಧಾರವಾದ ದೀರ್ಘಕಾಲದ ಅಧ್ಯಯನಗಳು ಬಹುಪಾಲು ಯುರೋಪು ಮತ್ತು ಉತ್ತರ ಅಮೆರಿಕದಲ್ಲಿ ನಡೆದಿವೆ ಎಂಬ ಆಕ್ಷೇಪವೂ ನಿರಾಧಾರವಲ್ಲ. ಯಾರೂ ಮುಟ್ಟಲಾಗದ ಗುರಿಯನ್ನು ಕಾನೂನಾಗಿಸಿದರೆ ಕಾನೂನಿನ ಮೇಲಿನ ಗೌರವವೇ ಕುಗ್ಗುತ್ತದೆ ಎಂಬ ವಾದಕ್ಕೂ ತೂಕವಿದೆ. ಮಾರ್ಗಸೂಚಿಯ ಪುಸ್ತಕವೇ ಇಂತಹ ತೂಗಿನೋಡುವಿಕೆಗೆ ಅವಕಾಶ ಕೊಟ್ಟಿದೆ.

ಆದರೆ ಈ ವಾದಗಳೆಲ್ಲವೂ ಬೆಂಬಲಿಸುವುದು ‘5 ಕೂಡಲೇ ಬೇಡ’ ಎಂಬುದನ್ನು ಮಾತ್ರ. ‘40ರಲ್ಲೇ ಇರಲಿ’ ಎಂಬುದನ್ನಲ್ಲ. ಮರುಭೂಮಿಯ ದೂಳು ಹೆಚ್ಚಾಗಿ ದಪ್ಪ ಕಣಗಳದ್ದು, ಪಿಎಂ 2.5ರಲ್ಲಿ ಕಲ್ಲಿದ್ದಲು, ಡೀಸೆಲ್, ಸೌದೆ, ಕಸ, ಕೂಳೆ ಸುಟ್ಟ ಹೊಗೆಯ ಪಾಲು ದೊಡ್ಡದು. ಭಾರತೀಯರ ಶ್ವಾಸಕೋಶ ಹೊಗೆಯನ್ನು ಹೆಚ್ಚು ತಾಳಿಕೊಳ್ಳುತ್ತದೆ ಎನ್ನಲು ಆಧಾರವೇನೂ ಇಲ್ಲ.

ಚೀನ ಈ ಪ್ರಶ್ನೆಯನ್ನು ಬಗೆಹರಿಸಿಕೊಂಡ ರೀತಿ ಗಮನಾರ್ಹ. 2012ರಲ್ಲಿ ಅದು ಪಿಎಂ 2.5ಕ್ಕೆ ಮೊದಲ ಬಾರಿ ಮಾನದಂಡ ಹೊರಡಿಸಿದಾಗ ವಾರ್ಷಿಕ 35, ದಿನಕ್ಕೆ 75 ಎಂದು ಇಟ್ಟಿತು. ಎರಡೂ ವಿಶ್ವ ಆರೋಗ್ಯ ಸಂಸ್ಥೆಯ ಮೊದಲ ಮಧ್ಯಂತರ ಗುರಿಗಳೇ. ದಿನದ ಮಿತಿ ಭಾರತದ್ದಕ್ಕಿಂತ ಸಡಿಲ. ಆದರೆ ಮೆಟ್ಟಿಲನ್ನು ಮೆಟ್ಟಿಲೆಂದೇ ತೆಗೆದುಕೊಂಡು, ಕಲ್ಲಿದ್ದಲಿನ ಒಲೆ, ಹಳೆಯ ವಾಹನ, ಕಾರ್ಖಾನೆಗಳ ಮೇಲೆ ಕಟ್ಟುನಿಟ್ಟಿನ ಕ್ರಮ ಕೈಗೊಂಡಿತು. 2013ರಲ್ಲಿ 89.5 ಇದ್ದ ಬೀಜಿಂಗಿನ ವಾರ್ಷಿಕ ಸರಾಸರಿ, ಅಧಿಕೃತ ಲೆಕ್ಕದಂತೆ, 2021ರಲ್ಲಿ 33ಕ್ಕೆ ಇಳಿಯಿತು. ಐರೋಪ್ಯ ಒಕ್ಕೂಟ 2024ರಲ್ಲಿ ತನ್ನ ವಾರ್ಷಿಕ ಮಿತಿಯನ್ನು 25ರಿಂದ 10ಕ್ಕೆ ಇಳಿಸುವ ನಿರ್ದೇಶನ ಹೊರಡಿಸಿ, 2030ರ ಗಡುವು ಕೊಟ್ಟಿದೆ. ಅಮೆರಿಕ ವಿಶ್ವ ಆರೋಗ್ಯ ಸಂಸ್ಥೆಯ ಅಂಕಿಯನ್ನು ನೇರವಾಗಿ ಅನುಸರಿಸುವುದಿಲ್ಲ. ಅದೇ ಅಧ್ಯಯನಗಳನ್ನು ತಾನೇ ಓದಿ ತನ್ನ ಅಂಕಿ ಕಟ್ಟುತ್ತದೆ. ಐದು ವರ್ಷಕ್ಕೊಮ್ಮೆ ಮಾನದಂಡವನ್ನು ಪರಿಶೀಲಿಸಬೇಕೆಂದು ಅಲ್ಲಿನ ಕಾನೂನೇ ಹೇಳುತ್ತದೆ. ಆರೋಗ್ಯಕ್ಕಾಗಿ ಮಾನದಂಡ ಗೊತ್ತುಪಡಿಸುವಾಗ ಖರ್ಚನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ ಎಂದು 2001ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. 2024ರಲ್ಲಿ ಆ ದೇಶ 12ರಿಂದ 9ಕ್ಕೆ ಇಳಿದಾಗ ಅದರ ಮೇಲೂ ವ್ಯಾಜ್ಯ ಹೂಡಲಾಯಿತು. ಭಾರತದ ಅಧಿನಿಯಮದಲ್ಲಿ ಇಷ್ಟು ವರ್ಷಕ್ಕೊಮ್ಮೆ ಪರಿಶೀಲಿಸಬೇಕೆಂಬ ಗಡುವಿಲ್ಲ.

ಒಂದು ಮಗುವಿನ ಸಾವು, ಒಂದು ದೇಶದ ಅಂಕಿ

ಸಲಹೆಯಷ್ಟೇ ಆಗಿರುವ ಮಾರ್ಗಸೂಚಿ ಕಾನೂನಿನ ಬಾಗಿಲನ್ನು ಹೇಗೆ ತಟ್ಟುತ್ತದೆ ಎಂಬುದಕ್ಕೆ ಲಂಡನ್ನಿನ ಪ್ರಕರಣವೊಂದಿದೆ. ಎಲಾ ಅಡೂ-ಕಿಸ್ಸಿ-ಡೆಬ್ರಾ ಎಂಬ ಬಾಲಕಿ ನಗರದ ಆಗ್ನೇಯ ಭಾಗದಲ್ಲಿ, ವಾಹನ ದಟ್ಟಣೆಯ ಮುಖ್ಯ ರಸ್ತೆಯ ಹತ್ತಿರ ವಾಸಿಸುತ್ತಿದ್ದಳು. ಆಕೆಗೆ ತೀವ್ರ ಅಸ್ತಮಾ ಇತ್ತು. ಸುಮಾರು ಮೂರು ವರ್ಷಗಳಲ್ಲಿ ಹೆಚ್ಚುಕಡಿಮೆ ಮೂವತ್ತು ಬಾರಿ ಆಸ್ಪತ್ರೆಗೆ ಸೇರಿಸಬೇಕಾಯಿತು. 2013ರ ಫೆಬ್ರವರಿಯಲ್ಲಿ, ಒಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ಮೊದಲ ವಿಚಾರಣೆಯಲ್ಲಿ ಗಾಳಿಯ ಪ್ರಸ್ತಾಪವೇ ಇರಲಿಲ್ಲ. ತಾಯಿ ರೋಸಮಂಡ್ ಶಿಕ್ಷಕಿ. ಮಗಳ ಸಾವಿಗೆ ಕಾರಣ ತಿಳಿಯಬೇಕೆಂದು ಅವರು ವರ್ಷಗಟ್ಟಲೆ ಹೋರಾಡಿ ಮರುವಿಚಾರಣೆ ಪಡೆದರು. 2020ರ ಡಿಸೆಂಬರಿನಲ್ಲಿ ಮರಣ ವಿಚಾರಣಾಧಿಕಾರಿಯು ಆಕೆಯ ಸಾವಿಗೆ ವಾಯುಮಾಲಿನ್ಯವೂ ಒಂದು ಕಾರಣವೆಂದು ದಾಖಲಿಸಿದರು.

ಇಲ್ಲಿ ಎರಡು ಅಂಕಿಗಳು ಎದುರುಬದುರಾದವು. ಕಣಗಳಿಗೆ ಬ್ರಿಟನ್ನಿನ ಕಾನೂನು ಮಿತಿ ಮಾರ್ಗಸೂಚಿಗಿಂತ ಬಹಳ ಮೇಲಿತ್ತು. ಕಾನೂನನ್ನು ಪಾಲಿಸಿಯೂ ಮಕ್ಕಳ ಶ್ವಾಸಕೋಶವನ್ನು ಕೆಡಿಸಲು ಸಾಧ್ಯವಿತ್ತೆಂದು ಇದರ ಅರ್ಥ. 2021ರ ಏಪ್ರಿಲ್‌ನಲ್ಲಿ ವಿಚಾರಣಾಧಿಕಾರಿಯು ಸರ್ಕಾರಕ್ಕೆ ಸಲ್ಲಿಸಿದ ವರದಿಯಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯನ್ನು ಆಧರಿಸಿ, ಕಾನೂನಿನಿಂದ ಕಟ್ಟುಬೀಳುವ ಗುರಿಗಳನ್ನು ಇಡುವುದು ಮುಂದಿನ ಸಾವುಗಳನ್ನು ತಪ್ಪಿಸುತ್ತದೆಂದು ಹೇಳಿದರು. ಇಂಗ್ಲೆಂಡ್ 2023ರಲ್ಲಿ ಪಿಎಂ 2.5ರ ವಾರ್ಷಿಕ ಸರಾಸರಿಗೆ 10 ಎಂಬ ಗುರಿಯನ್ನು ಕಾನೂನಾಗಿಸಿತು. ಗಡುವು 2040. ಅಷ್ಟು ಹೊತ್ತಿಗೆ ಮಾರ್ಗಸೂಚಿ 5ಕ್ಕೆ ಇಳಿದು ಒಂದು ವರ್ಷಕ್ಕೂ ಹೆಚ್ಚು ಕಾಲವಾಗಿತ್ತು. ಮಾರ್ಗಸೂಚಿಯು ಕಾನೂನನ್ನು ಮುಟ್ಟುವುದು ಹೆಚ್ಚಾಗಿ ಹೀಗೆಯೇ: ತಡವಾಗಿ, ಭಾಗಶಃ, ಯಾರಾದರೂ ಅದನ್ನು ಕೈಯಲ್ಲಿ ಹಿಡಿದು ಕೇಳಿದಾಗ.

ಮಾನದಂಡ ಸಡಿಲವಾದರೆ ಏನಾಗುತ್ತದೆ

ಅಧಿಸೂಚನೆಯಲ್ಲಿರುವ ಅಂಕಿ ಅಧಿಸೂಚನೆಯಲ್ಲಿಯೇ ಉಳಿಯುವುದಿಲ್ಲ. ಅನೇಕ ಬೇರೆ ಅಂಕಿಗಳು ಅದರ ಮೇಲೆ ಕಟ್ಟಿಕೊಳ್ಳುತ್ತವೆ. 2015ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ರಾಷ್ಟ್ರೀಯ ವಾಯು ಗುಣಮಟ್ಟ ಸೂಚ್ಯಂಕದಲ್ಲಿ 100 ಎಂಬ ಗುರುತು ಪಿಎಂ 2.5ರ ದಿನದ ಮಾನದಂಡವಾದ 60ಕ್ಕೆ ಹೊಂದಿಕೊಂಡಿದೆ. 50 ಎಂಬುದು 30 ಮೈಕ್ರೋಗ್ರಾಂಗೆ. ಸೂಚ್ಯಂಕ 50ರವರೆಗೆ ‘ಉತ್ತಮ’, ಹಸಿರು ಬಣ್ಣ. ಮಾರ್ಗಸೂಚಿಯ ದಿನದ ಮಟ್ಟ 15. ಅಂದರೆ ‘ಉತ್ತಮ’ದ ಮೇಲಂಚು ಮಾರ್ಗಸೂಚಿಯ ಎರಡು ಪಟ್ಟು. ಶಬ್ದಗಳು ಮನಸ್ಸನ್ನು ಆಳುತ್ತವೆ. ‘ಸಮಾಧಾನಕರ’ ಎಂದು ಬರೆದಿರುವ ದಿನ ಅಸ್ತಮಾ ಇರುವ ಮಗುವನ್ನು ಮೈದಾನದಲ್ಲಿ ಓಡಿಸಲು ದೈಹಿಕ ಶಿಕ್ಷಕರು ಹಿಂಜರಿಯುವುದಿಲ್ಲ.

2019ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಗೆ ಊರುಗಳನ್ನು ಆರಿಸಿದ್ದೂ ಮಾನದಂಡವನ್ನು ನೋಡಿಯೇ. ಐದು ವರ್ಷ ಸತತವಾಗಿ ಮಾನದಂಡ ಮೀರಿದ ನಗರಗಳು ಅದರಲ್ಲಿ ಸೇರಿದವು. ಸೊಲ್ಲಾಪುರ, ಸಾಂಗ್ಲಿ, ಅನಂತಪುರ ಆ ಪಟ್ಟಿಯಲ್ಲಿವೆ. ಕರ್ನಾಟಕದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿಗಳೂ ಇವೆ. ಪಿಎಂ 10ಕ್ಕೆ 60ರ ಬದಲು 15ನ್ನು ಅಳತೆಗೋಲಾಗಿ ಹಿಡಿದಿದ್ದರೆ ಪಟ್ಟಿ ಎಷ್ಟು ಉದ್ದವಾಗುತ್ತಿತ್ತೋ! ಇನ್ನು ಮಾಪಕವೇ ಇಲ್ಲದ ಊರು ಯಾವ ಪಟ್ಟಿಗೂ ಬರುವುದಿಲ್ಲ. ನಮ್ಮ ಹೆಚ್ಚಿನ ಶಾಲೆಗಳಿರುವುದು ಅಂತಹ ಊರುಗಳಲ್ಲೇ.

ವಿದ್ಯುತ್ ಸ್ಥಾವರಗಳ ಉದಾಹರಣೆ ಇನ್ನೂ ಸ್ಪಷ್ಟ. ಕಲ್ಲಿದ್ದಲಿನ ಸ್ಥಾವರಗಳು ಸಲ್ಫರ್ ಡೈಆಕ್ಸೈಡನ್ನು ತಗ್ಗಿಸಬೇಕೆಂದು 2015ರ ಡಿಸೆಂಬರಿನಲ್ಲಿ ನಿಯಮ ಬಂತು. ಗಡುವು ಹಲವು ಬಾರಿ ಮುಂದೆ ಹೋಗಿ, ಕೊನೆಗೆ 2025ರ ಜುಲೈಯಲ್ಲಿ ಬಹುಪಾಲು ಸ್ಥಾವರಗಳಿಗೆ ವಿನಾಯಿತಿ ದೊರೆಯಿತು. ಊರುಗಳ ಗಾಳಿಯಲ್ಲಿ ಆ ಅನಿಲ ರಾಷ್ಟ್ರೀಯ ಮಾನದಂಡದೊಳಗೇ ಇದೆ ಎಂಬುದು ಕೊಟ್ಟ ಕಾರಣಗಳಲ್ಲೊಂದು. ದಿನದ ಮಿತಿ 80 ಆಗಿರುವಾಗ ಆ ಮಾತು ಸುಳ್ಳಲ್ಲ. ಆದರೆ ಕೊಳವೆಯಿಂದ ಹೊರಟ ಅನಿಲ ಅನಿಲವಾಗಿಯೇ ಉಳಿಯದು. ಗಾಳಿಯಲ್ಲಿ ಸಾಗುತ್ತ ಸಲ್ಫೇಟ್ ಕಣವಾಗಿ ಮಾರ್ಪಟ್ಟು, ನೂರಾರು ಕಿಲೋಮೀಟರ್ ಆಚೆ ಪಿಎಂ 2.5ರ ಲೆಕ್ಕಕ್ಕೆ ಸೇರುತ್ತದೆ. ಸೊಲ್ಲಾಪುರದ ಬಳಿಯ ಸ್ಥಾವರದ್ದಾಗಲಿ ರಾಯಚೂರಿನದಾಗಲಿ ಹೊಗೆ ರಾಜ್ಯದ ಗಡಿಯನ್ನು ನೋಡಿ ನಿಲ್ಲುವುದಿಲ್ಲ.

ತರಗತಿಯಲ್ಲಿ

ಪ್ರಶ್ನೋತ್ತರಗಳಲ್ಲಿ ‘ಪಿಎಂ 2.5ರ ಸುರಕ್ಷಿತ ಮಿತಿ 60’ ಎಂದು ಬರೆಸುವ ರೂಢಿ ಕಾಣುತ್ತದೆ. ‘ಭಾರತದ ಮಾನದಂಡದಂತೆ ದಿನದ ಮಿತಿ 60’ ಎಂದು ಬರೆಸಿದರೆ ಉತ್ತರ ಸರಿಯಾಗುತ್ತದೆ, ಅಂಕವೂ ಹೋಗುವುದಿಲ್ಲ. ‘ಸುರಕ್ಷಿತ’ ಎಂಬ ಪದಕ್ಕೆ ಪುರಾವೆಯಿಲ್ಲ.

ಎಂಟು, ಒಂಬತ್ತನೆಯ ತರಗತಿಗೆ ಗಣಿತದೊಡನೆ ಬೆರೆಸಿ ಒಂದು ಚಟುವಟಿಕೆ ಮಾಡಿಸಬಹುದು. ಕೇಂದ್ರ ಮಂಡಳಿಯ ‘ಸಮೀರ್’ ಆ್ಯಪಿನಲ್ಲಿ ಹತ್ತಿರದ ನಗರದ ಸೂಚ್ಯಂಕ ಸಿಗುತ್ತದೆ. ಅಕ್ಕಲಕೋಟೆಯವರಿಗೆ ಸೊಲ್ಲಾಪುರವೇ ಹತ್ತಿರ. ಮೂವತ್ತು ದಿನ, ಮುಖ್ಯ ಮಾಲಿನ್ಯಕಾರಕ ಪಿಎಂ 2.5 ಎಂದು ತೋರಿಸಿದ ದಿನಗಳ ಅಂಕಿಗಳನ್ನು ಮಕ್ಕಳು ಗುರುತು ಹಾಕಿಕೊಳ್ಳಲಿ. ಸೂಚ್ಯಂಕ 100ರ ಒಳಗಿದ್ದರೆ ಅದನ್ನು 0.6ರಿಂದ ಗುಣಿಸಿದಾಗ ಮೈಕ್ರೋಗ್ರಾಂ ಹೆಚ್ಚುಕಡಿಮೆ ಸಿಗುತ್ತದೆ: ಸೂಚ್ಯಂಕ 80 ಆದರೆ 48. ಬಳಿಕ ಎಷ್ಟು ದಿನ 60ನ್ನು ಮೀರಿತು, ಎಷ್ಟು ದಿನ 15ನ್ನು ಮೀರಿತು ಎಂದು ಎರಡು ಸಾಲು ಎಣಿಸಲಿ. 100ನ್ನು ದಾಟಿದ ದಿನಗಳಿಗೆ ಗುಣಾಕಾರ ಬೇಕಿಲ್ಲ, ಅವು ಎರಡೂ ಸಾಲಿಗೆ ಸೇರುತ್ತವೆ. ಮೇಲಿನ ತರಗತಿಯವರಿಗೆ ಇನ್ನೊಂದು ಲೆಕ್ಕ ಕೊಡಬಹುದು. ವರ್ಷದ ಶೇಕಡ 98ರಷ್ಟು ಕಾಲ ದಿನದ ಮಿತಿಯನ್ನು ಪಾಲಿಸಬೇಕು, ಉಳಿದ ಶೇಕಡ 2ರಲ್ಲಿ ಮೀರಬಹುದು, ಆದರೆ ಸತತ ಎರಡು ದಿನ ಮೀರುವಂತಿಲ್ಲ ಎಂಬುದು ನಮ್ಮ ಅಧಿಸೂಚನೆಯ ಷರತ್ತು. 365 ದಿನಗಳಿಗೆ ಇದು ಎಷ್ಟು ದಿನವಾಯಿತು, ತಿಂಗಳ ಪಟ್ಟಿಯಲ್ಲಿ ಸತತ ಎರಡು ದಿನ ಎಲ್ಲಿ ಬಂದಿದೆ ಎಂಬುದನ್ನು ಮಕ್ಕಳೇ ಹುಡುಕುವರು.

ಚಟುವಟಿಕೆ ಮುಗಿದ ಮೇಲೆ ಯಾರಾದರೂ ಅಡುಗೆಮನೆಯ ಹೊಗೆಯ ಬಗ್ಗೆ ಕೇಳಿಯೇ ಕೇಳುತ್ತಾರೆ. ರಾಷ್ಟ್ರೀಯ ಮಾನದಂಡ ಹೊರಗಿನ ಗಾಳಿಗೆ ಮಾತ್ರ ಅನ್ವಯಿಸುತ್ತದೆ. ಸೌದೆ ಒಲೆಯ ಮುಂದೆ ಕುಳಿತ ತಾಯಿಗೆ ಅದರಲ್ಲಿ ಜಾಗವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಮನೆಯೊಳಗೆ ಇಂಧನ ಸುಡುವುದರ ಬಗ್ಗೆ ಪ್ರತ್ಯೇಕ ಮಾರ್ಗಸೂಚಿ ಪ್ರಕಟಿಸಿದೆ. ಬಿಸಿಯೂಟವನ್ನು ಇನ್ನೂ ಸೌದೆಯಲ್ಲೇ ಬೇಯಿಸುತ್ತಿರುವ ಶಾಲೆಗಳಲ್ಲಿ, ಅಡುಗೆಮನೆಯ ಹೊಗೆ ಯಾವ ತರಗತಿಯ ಕಿಟಕಿಯತ್ತ ಬರುತ್ತದೆ ಎಂಬುದನ್ನು ಅಂದೇ ಮಕ್ಕಳೊಡನೆ ನೋಡಿಬರಬಹುದು.